ದೀಪಾವಳಿಯ ಪಟಾಕಿ: ನಿಯಮಗಳೂ ಕುಟುಂಬದ ಕ್ಷೇಮವೂ

ದೀಪಾವಳಿಯು ಬೆಳಕಿನ ಹಬ್ಬ. ನೀರು ತುಂಬುವ ಸಂಜೆಯಿಂದ ಬಲಿಪಾಡ್ಯಮಿಯ ರಾತ್ರಿಯವರೆಗೆ ಮನೆಮನೆಗಳಲ್ಲಿ ಸಂಭ್ರಮ ತುಂಬಿರುತ್ತದೆ. ಆದರೆ ಇದೇ ದಿನಗಳಲ್ಲಿ ಕಣ್ಣಿನ ಆಸ್ಪತ್ರೆಗಳ ವೈದ್ಯರೂ ದಾದಿಯರೂ ಹಗಲಿರುಳು ಸನ್ನದ್ಧರಾಗಿರಬೇಕಾಗುತ್ತದೆ. 1896ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಪ್ರತಿ ವರ್ಷವೂ ಪಟಾಕಿಯಿಂದ ಕಣ್ಣಿಗೆ ಪೆಟ್ಟು ಬಿದ್ದವರು ಬರುತ್ತಾರೆ. ಅವರಲ್ಲಿ ಅನೇಕರು ಮಕ್ಕಳು. ಇನ್ನೂ ಶೋಚನೀಯವಾದ ಸಂಗತಿಯೆಂದರೆ, ಗಾಯಗೊಂಡವರಲ್ಲಿ ಹಲವರು ಪಟಾಕಿಯನ್ನು ಹಚ್ಚಿದವರೇ ಅಲ್ಲ. ಜಗಲಿಯ ಮೇಲೆ ನಿಂತು ನೋಡುತ್ತಿದ್ದವರು ಅಥವಾ ಬೀದಿಯಲ್ಲಿ ಹಾದುಹೋಗುತ್ತಿದ್ದವರು.

ಆದುದರಿಂದ ಪಟಾಕಿಯು ಒಂದು ಮನೆಯ ಸ್ವಂತ ವಿಷಯವೆಂದು ಭಾವಿಸುವುದು ಸರಿಯಲ್ಲ. ಒಬ್ಬರು ಹಚ್ಚಿದ ಕಿಡಿ ಮತ್ತೊಬ್ಬರ ಕಣ್ಣನ್ನು ಕಳೆಯಬಲ್ಲದು. ಈ ಕಾರಣದಿಂದಲೇ ಕಾನೂನು ಇದರಲ್ಲಿ ಪ್ರವೇಶಿಸಿದೆ. ನಿಯಮಗಳು ಯಾವುವು, ಪ್ರತಿಯೊಂದು ನಿಯಮವೂ ಯಾರನ್ನು ಕಾಪಾಡುತ್ತದೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಕಾಲದ ಮಿತಿ

ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಸದ್ದು ಮಾಡುವ ಪಟಾಕಿಗಳನ್ನು ಸಿಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ತೀರ್ಪು ನೀಡಿತು. 2018ರ ಅಕ್ಟೋಬರ್ ತಿಂಗಳಿನಲ್ಲಿ ಅದೇ ನ್ಯಾಯಾಲಯವು ದೀಪಾವಳಿಯ ದಿನ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಎರಡು ಗಂಟೆಗಳನ್ನು ಮಾತ್ರ ನಿಗದಿಗೊಳಿಸಿತು. ದಕ್ಷಿಣದ ಕೆಲವೆಡೆ ಮುಂಜಾನೆಯಲ್ಲಿ ಹಬ್ಬ ಆಚರಿಸುವ ಪದ್ಧತಿಯನ್ನು ಗಮನಿಸಿ, ವೇಳೆಯನ್ನು ಬದಲಿಸಿಕೊಳ್ಳಲು ಅವಕಾಶ ಕೊಟ್ಟಿತಾದರೂ ದಿನಕ್ಕೆ ಎರಡು ಗಂಟೆಯ ಮಿತಿಯನ್ನು ಸಡಿಲಿಸಲಿಲ್ಲ. ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ರಾತ್ರಿ 8ರಿಂದ 10ರವರೆಗಿನ ವೇಳೆಯೇ ಜಾರಿಯಲ್ಲಿದೆ. ಆಯಾ ವರ್ಷದ ಸರ್ಕಾರಿ ಆದೇಶವನ್ನು ಹಬ್ಬಕ್ಕೆ ಮುಂಚೆಯೇ ತಿಳಿದುಕೊಳ್ಳುವುದು ಗೃಹಸ್ಥರ ಕರ್ತವ್ಯ.

ಈ ಮಿತಿಯು ಯಾರ ಸಲುವಾಗಿ? ತೊಟ್ಟಿಲಿನ ಕೂಸು, ಬಾಣಂತಿ, ಹೃದ್ರೋಗಿ, ವೃದ್ಧರು, ಮರುದಿನ ದುಡಿಮೆಗೆ ಹೋಗಬೇಕಾದವರು, ಇವರೆಲ್ಲರ ನಿದ್ರೆಯ ಸಲುವಾಗಿ.

2. ಸ್ಥಳದ ಮಿತಿ

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ ಮತ್ತು ನ್ಯಾಯಾಲಯಗಳ ಸುತ್ತ 100 ಮೀಟರಿಗೆ ಕಡಮೆಯಿಲ್ಲದ ಪ್ರದೇಶವು ನಿಶ್ಶಬ್ದ ವಲಯ. ಅಲ್ಲಿ ಸದ್ದಿನ ಪಟಾಕಿಗೆ ಯಾವ ವೇಳೆಯಲ್ಲಿಯೂ ಅವಕಾಶವಿಲ್ಲ. ಬೀದಿಬೀದಿಗಳಲ್ಲಿ ಸಿಡಿಸುವುದಕ್ಕೆ ಬದಲಾಗಿ, ಗೊತ್ತುಪಡಿಸಿದ ಬಯಲಿನಲ್ಲಿ ಎಲ್ಲರೂ ಒಟ್ಟುಗೂಡಿ ಹಚ್ಚುವ ಏರ್ಪಾಡನ್ನು 2018ರ ತೀರ್ಪು ಪ್ರೋತ್ಸಾಹಿಸಿದೆ. ಇಕ್ಕಟ್ಟಾದ ಓಣಿಗಳಲ್ಲಿ ವಾಸಿಸುವವರಿಗೆ ಇದು ಅತ್ಯಂತ ಹಿತಕರವಾದ ಮಾರ್ಗ.

3. ಪಟಾಕಿಯ ಬಗೆ

ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಮಾಡುವ ಪಟಾಕಿಗಳ ತಯಾರಿಕೆಯೂ ಮಾರಾಟವೂ ನಿಷಿದ್ಧ. ಅಂಥ ಸದ್ದು ಕಿವಿಯ ಒಳಭಾಗದ ಸೂಕ್ಷ್ಮ ಜೀವಕೋಶಗಳನ್ನು ಹಾಳುಮಾಡಬಲ್ಲದು. ಒಮ್ಮೆ ನಾಶವಾದ ಈ ಕೋಶಗಳು ಮರಳಿ ಬೆಳೆಯುವುದಿಲ್ಲ. 2018ರ ತೀರ್ಪು ಸರಪಟಾಕಿಗಳನ್ನೂ, ಬೇರಿಯಂ ಲವಣ ಬೆರೆಸಿದ ಪಟಾಕಿಗಳನ್ನೂ ನಿಷೇಧಿಸಿತು. ಹಸಿರು ಬಣ್ಣದ ಜ್ವಾಲೆಗಾಗಿ ಬಳಸುತ್ತಿದ್ದ ಬೇರಿಯಂ ದೇಹಕ್ಕೆ ವಿಷಕಾರಿ.

ಇವುಗಳ ಬದಲಿಗೆ, ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆಯಾದ ‘ನೀರಿ’ಯು ರೂಪಿಸಿದ ಹಸಿರು ಪಟಾಕಿಗಳಿಗೆ ಮಾತ್ರ ಅನುಮತಿಯಿದೆ. ಇವುಗಳಿಂದ ಹೊರಬೀಳುವ ಸೂಕ್ಷ್ಮ ಧೂಳಿನ ಕಣಗಳು ಸುಮಾರು ನೂರಕ್ಕೆ ಮೂವತ್ತರಷ್ಟು ಕಡಮೆ. ಪೊಟ್ಟಣದ ಮೇಲೆ ಹಸಿರು ಪಟಾಕಿಯ ಮುದ್ರೆಯೂ ಕ್ಯೂಆರ್ ಸಂಕೇತವೂ ಇರತಕ್ಕದ್ದು. ಆದರೆ ಒಂದು ಎಚ್ಚರಿಕೆ: ಹಸಿರು ಪಟಾಕಿಯ ಹೊಗೆ ಕಡಮೆಯೇ ಹೊರತು ಅದರ ಬೆಂಕಿ ತಣ್ಣಗಿರುವುದಿಲ್ಲ. ಅದೂ ಸುಡುತ್ತದೆ, ಅದೂ ಕಣ್ಣಿಗೆ ಹಾರುತ್ತದೆ.

4. ಮಾರಾಟದ ನಿಯಮ

2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಯೊಂದಕ್ಕೆ ಬೆಂಕಿ ಬಿದ್ದು 14ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಅನೇಕರು ಹಬ್ಬದ ಕಾಲದ ದುಡಿಮೆಗೆಂದು ತಮಿಳುನಾಡಿನಿಂದ ಬಂದಿದ್ದ ಯುವಕರು. ಮಾರಾಟದ ನಿಯಮಗಳು ಏಕೆ ಬೇಕೆಂಬುದಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ.

2008ರ ಸ್ಫೋಟಕ ನಿಯಮಗಳಂತೆ ತಾತ್ಕಾಲಿಕ ಮಳಿಗೆಗಳನ್ನು ಬೆಂಕಿ ಹತ್ತದ ಸಾಮಗ್ರಿಯಿಂದ ಕಟ್ಟಬೇಕು. ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರವಿರಬೇಕು, ಅವು ಎದುರುಬದುರಾಗಿರಕೂಡದು. ಒಂದೆಡೆ 50ಕ್ಕಿಂತ ಹೆಚ್ಚು ಮಳಿಗೆಗಳಿರಕೂಡದು. ಮಳಿಗೆಯಿಂದ 50 ಮೀಟರ್ ಒಳಗೆ ಪಟಾಕಿ ಸಿಡಿಸಕೂಡದು. ಪರವಾನಗಿಯಿಲ್ಲದ ಅಂಗಡಿಯಿಂದ ಅಗ್ಗಕ್ಕೆ ಸಿಗುವುದೆಂದು ಕೊಳ್ಳುವವರು ಇಂಥ ಅಪಾಯಕ್ಕೆ ತಾವೂ ಪಾಲುದಾರರಾಗುತ್ತಾರೆ.

5. ಮನೆಯವರು ಪಾಲಿಸಬೇಕಾದುವು

ಸುರುಸುರುಬತ್ತಿಯು ನಿರಪಾಯಕಾರಿಯೆಂದು ತಾಯಂದಿರು ಎಳೆಯ ಮಕ್ಕಳ ಕೈಗೆ ಕೊಡುವುದುಂಟು. ಅದರ ತುದಿಯ ಉಷ್ಣತೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಎಂಬುದನ್ನು ಮರೆಯಬಾರದು. ಉರಿದು ಆರಿದ ತಂತಿಯನ್ನು ನೆಲಕ್ಕೆಸೆಯದೆ ನೀರಿನ ಬಕೆಟ್ಟಿನಲ್ಲಿ ಹಾಕಬೇಕು.

ಮಕ್ಕಳು ಹಿರಿಯರ ಎದುರಿನಲ್ಲಿಯೇ, ಮೈಗೆ ಹೊಂದಿದ ಹತ್ತಿಯ ಉಡುಪು ಮತ್ತು ಪಾದರಕ್ಷೆ ಧರಿಸಿ ಪಟಾಕಿ ಹಚ್ಚಲಿ. ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ; ನೋಡುವವರಿಗೂ ಇರಲಿ. ಹಚ್ಚುವಾಗ ಮುಖವನ್ನು ಪಟಾಕಿಯ ಮೇಲೆ ಬಾಗಿಸಕೂಡದು. ಸಿಡಿಯದೆ ಉಳಿದುದನ್ನು ಮತ್ತೆ ಮುಟ್ಟದೆ, ದೂರದಿಂದ ನೀರು ಸುರಿಯಬೇಕು. ಡಬ್ಬಿ, ಬಾಟಲಿಗಳೊಳಗಿಟ್ಟು ಸಿಡಿಸಿದರೆ ಅವುಗಳ ಚೂರುಗಳು ಗುಂಡಿನಂತೆ ಹಾರುತ್ತವೆ. ಗರ್ಭಿಣಿಯರೂ ಉಬ್ಬಸವುಳ್ಳವರೂ ಹೊಗೆಯಿಂದ ದೂರವಿರಲಿ.

ನಮ್ಮ ಹಿರಿಯರು ಹಬ್ಬವನ್ನು ನೀರು ತುಂಬುವುದರಿಂದಲೇ ಆರಂಭಿಸುತ್ತಿದ್ದರು. ಹಂಡೆಯ ಜೊತೆಗೆ ಎರಡು ಬಕೆಟ್ ನೀರನ್ನೂ ತುಂಬಿ ಅಂಗಳದಲ್ಲಿರಿಸಿ.

6. ಪ್ರಥಮ ಚಿಕಿತ್ಸೆ

ಸುಟ್ಟ ಭಾಗದ ಮೇಲೆ ತಣ್ಣನೆಯ ನಲ್ಲಿ ನೀರನ್ನು 20 ನಿಮಿಷ ಹರಿಯಬಿಡಿ. ಬಳೆ, ಉಂಗುರಗಳನ್ನು ತೆಗೆಯಿರಿ. ಶಾಯಿ, ಹಲ್ಲುಜ್ಜುವ ಪೇಸ್ಟ್, ಬೆಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಬೊಬ್ಬೆಯನ್ನು ಒಡೆಯದೆ, ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. ಉಡುಪಿಗೆ ಬೆಂಕಿ ಹತ್ತಿದರೆ ಓಡಗೊಡದೆ ನೆಲದ ಮೇಲೆ ಉರುಳಿಸಿ, ಕಂಬಳಿಯಿಂದ ಬೆಂಕಿಯನ್ನು ಆರಿಸಿ.

ಕಣ್ಣಿಗೆ ಏನೇ ಆದರೂ ಉಜ್ಜಕೂಡದು. ಬರಿಯ ಬೂದಿ ಅಥವಾ ಮದ್ದಿನ ಪುಡಿ ಬಿದ್ದಿದ್ದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಪೆಟ್ಟು ಬಿದ್ದಿದ್ದರೆ, ರಕ್ತ ಬಂದಿದ್ದರೆ ಅಥವಾ ಚೂರು ನಾಟಿದ್ದರೆ ತೊಳೆಯಬೇಡಿ, ಚೂರನ್ನು ಕೀಳಬೇಡಿ, ಔಷಧ ಹಾಕಬೇಡಿ. ಕಾಗದದ ಲೋಟವೊಂದನ್ನು ಕಣ್ಣಿಗೆ ಒತ್ತದಂತೆ ಮುಚ್ಚಿ, ಆ ಕ್ಷಣವೇ ಕಣ್ಣಿನ ವೈದ್ಯರ ಬಳಿ ಸಾಗಿಸಿ. ನೋವು ಕಡಮೆಯಾಯಿತೆಂದು ಬೆಳಗಿನವರೆಗೆ ಕಾಯುವುದರಿಂದ ಉಳಿಯಬಹುದಾಗಿದ್ದ ದೃಷ್ಟಿಯೂ ಹೋದೀತು. ಆಂಬುಲೆನ್ಸಿಗೆ 108, ಅಗ್ನಿಶಾಮಕ ದಳಕ್ಕೆ 101.

ನಿಯಮವು ಹಬ್ಬಕ್ಕೆ ವಿರೋಧಿಯಲ್ಲ. ಪೊಲೀಸರ ಭಯದಿಂದ ಪಾಲಿಸುವುದಕ್ಕಿಂತ, ಎದುರು ಮನೆಯ ಮಗುವೂ ನಮ್ಮದೇ ಎಂಬ ಭಾವನೆಯಿಂದ ಪಾಲಿಸುವುದು ಮೇಲು. ಹಣತೆಯ ಬೆಳಕನ್ನು ನೋಡಲು ಕಣ್ಣು ಬೇಕಲ್ಲವೆ?

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಬೀದಿಯಲ್ಲಿ ನಿಶ್ಶಬ್ದ ವಲಯಕ್ಕೆ ಸೇರುವ ಸ್ಥಳ ಯಾವುದು?
2. ಎಲ್ಲರೂ ಒಟ್ಟಿಗೆ ಪಟಾಕಿ ಹಚ್ಚಲು ನಿಮ್ಮ ಊರಿನಲ್ಲಿ ಯೋಗ್ಯವಾದ ಬಯಲಿದೆಯೆ?
3. ರಾತ್ರಿ ವೇಳೆ ತೆರೆದಿರುವ, ನಿಮಗೆ ಅತಿ ಸಮೀಪದ ಕಣ್ಣಿನ ಆಸ್ಪತ್ರೆ ಯಾವುದು? ಅದನ್ನು ಮನೆಯವರೆಲ್ಲರೂ ಬಲ್ಲರೆ?