ಕಾವಲು ನಾಯಿಯ ಕಾಯಕ

ಹಲಸೂರಿನ ಪೇಟೆಯಲ್ಲಿ ವರ್ಷಗಟ್ಟಲೆ ಅಂಗಡಿಸಾಲನ್ನು ಕಾಯ್ದ ನಾಯಿಯೊಂದು ಮೋಟಾರಿಗೆ ಸಿಕ್ಕಿ ಕಾಲು ಮುರಿದುಕೊಂಡಿತೆನ್ನೋಣ. ಒಡೆಯನು ಬಡವ. ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜುಂಟು. ಆದರೂ ಶಸ್ತ್ರಚಿಕಿತ್ಸೆ, ಔಷಧ, ವಾರಗಟ್ಟಲೆಯ ಆರೈಕೆ ಒಬ್ಬನ ಕೈಗೆ ಮೀರಿದುವು. ಆಗ ಕೇರಿಯವರಲ್ಲಿ ಚಂದಾ ಎತ್ತುವುದು ತಪ್ಪೇ? ತಪ್ಪಲ್ಲ. ನಾಯಿಯು ತನ್ನ ಕಾಯಕವನ್ನು ಮಾಡಿದೆ. ಅದರ ಫಲವನ್ನು ಕೇರಿಯೆಲ್ಲವೂ ಉಂಡಿದೆ.

ಎಚ್ಚರ ಬೇಕಾದುದು ಬೇರೆಡೆಯಲ್ಲಿ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಕಳುಹಿದರು. ಮೂಕಪ್ರಾಣಿಯ ಹೆಸರಿನಲ್ಲಿ ಹಣವು ಬೇಗ ಕೂಡುತ್ತದೆ. ಮರುಕಗೊಂಡವರು ಲೆಕ್ಕ ಕೇಳುವುದಿಲ್ಲ. ಆದುದರಿಂದ ವೈದ್ಯರಿಂದ ವೆಚ್ಚದ ಅಂದಾಜನ್ನು ಮೊದಲೇ ಬರೆಯಿಸಿಕೊಳ್ಳಬೇಕು. ಅಷ್ಟು ಕೂಡಿದೊಡನೆ ಚಂದಾ ನಿಲ್ಲಿಸಿ, ಉಳಿದುದನ್ನು ಕೊಟ್ಟವರಿಗೆ ಹಿಂದಿರುಗಿಸಬೇಕು. ನಾಯಿಯು ಬದುಕದೆ ಹೋದರೂ ಲೆಕ್ಕ ಒಪ್ಪಿಸಬೇಕು.