ಕಿತ್ತ ಹಲ್ಲಿನ ಕುಳಿ

‘ಗೆಡ್ಡೆ ದವಡೆ ಮೂಳೆಯ ಮಜ್ಜೆಗೆ ಹಬ್ಬಿದೆ’ ಎಂದು ಎಂ.ಆರ್.ಐ. ನೋಡಿ ಬರೆದವನು ನಾನೇ. ಅದನ್ನು ನಂಬಿ ಸರ್ಜನ್ ರೋಗಿಯಾಗಿದ್ದ ಅಜ್ಜಿಯ ಕೆಳದವಡೆಯ ಎಡಭಾಗವನ್ನು ಇಡಿಯಾಗಿ ತೆಗೆದು, ಕಾಲಿನಿಂದ ಫಿಬುಲಾ ಮೂಳೆ ತಂದು ಕೂಡಿಸಿದರು. ಆಮೇಲೆ ಬಂದ ಪೆಥಾಲಜಿ ವರದಿಯಲ್ಲಿ ಮೂಳೆಯೊಳಗೆ ಕ್ಯಾನ್ಸರೇ ಇರಲಿಲ್ಲ, ಬರೀ ಉರಿಯೂತ. ಮೇಲಂಚನ್ನಷ್ಟೇ ಕೊರೆದು ದವಡೆಯ ಕೆಳಗಿನ ಪಟ್ಟಿ ಉಳಿಸಬಹುದಿತ್ತು.

ಹಳೆಯ ಚೀಟಿಗಳನ್ನು ಆಗ ತಿರುವಿ ಹಾಕಿದೆ. ಸ್ಕ್ಯಾನಿಗೆ ಮೂರು ವಾರ ಮೊದಲು, ಹುಣ್ಣಿನ ಪಕ್ಕದ ಹಲ್ಲು ಅಲುಗಾಡುತ್ತದೆಂದು ಕೀಳಿಸಿದ್ದರು. ಕಿತ್ತ ಕುಳಿ ಮಾಯುವಾಗ ಸುತ್ತಲ ಮಜ್ಜೆ ಊದಿಕೊಳ್ಳುತ್ತದೆ, ಎಂ.ಆರ್.ಐ.ಯಲ್ಲಿ ಅದೂ ಗೆಡ್ಡೆಯೂ ಒಂದೇ ಬಣ್ಣ. ಅಜ್ಜಿ ಅವತ್ತು ಹೊರಗಿನ ಬೆಂಚಿನ ಮೇಲೇ ಕೂತಿದ್ದರು. ನಾನು ಎದ್ದು ಹೋಗಿ ಒಂದು ಮಾತು ಕೇಳಲಿಲ್ಲ.

ಎಂ.ಆರ್.ಐ. ‘ಮಜ್ಜೆ ಸ್ವಚ್ಛವಾಗಿದೆ’ ಎಂದರೆ ಈಗಲೂ ಬಹುಮಟ್ಟಿಗೆ ನಂಬುತ್ತೇನೆ. ‘ಕೆಟ್ಟಿದೆ’ ಎಂದರೆ ಮಾತ್ರ ಸಿ.ಟಿ.ಯ ತೆಳು ಸೀಳುಗಳಲ್ಲಿ ಮೂಳೆಯ ಹೊರಗೋಡೆ ನಿಜಕ್ಕೂ ಸವೆದಿದೆಯೇ ಎಂದು ಹುಡುಕುತ್ತೇನೆ. ಗೋಡೆ ಒಡೆದು ಒಳನುಗ್ಗಿದ್ದರೆ ಅದು ಟಿ4ಎ, ಅಂದರೆ ಬಲಿತ ಹಂತ. ವಸಡಿನ ಗೆಡ್ಡೆ ಹಲ್ಲಿನ ಕುಳಿಯನ್ನು ಮೇಲುಮೇಲೆ ಕೆರೆದಿದ್ದರೆ ಅಲ್ಲ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಕ್ಸ್‌ರೇ ಅಗ್ಗ, ಊರೂರಲ್ಲಿ ಸಿಗುತ್ತದೆ. ಆದರೆ ಮೂಳೆಯ ಖನಿಜಾಂಶ ಶೇ 30ರಷ್ಟಾದರೂ ಕರಗುವ ತನಕ ಅದರ ಕಣ್ಣಿಗೆ ಏನೂ ಬೀಳುವುದಿಲ್ಲ. ಗದ್ದದ ನಡುಭಾಗದಲ್ಲಂತೂ ಬೆನ್ನುಮೂಳೆಯ ನೆರಳು ಬಿದ್ದು ಎಲ್ಲ ಮಸುಕು.

ನಮ್ಮಲ್ಲಿ ಹೊಗೆಸೊಪ್ಪು ಒತ್ತರಿಸಿಕೊಳ್ಳುವ ಜಾಗ ಕೆನ್ನೆ-ವಸಡಿನ ಸಂದಿ. ಹುಣ್ಣೂ ಹೆಚ್ಚಾಗಿ ಅಲ್ಲೇ. ಬಾಯಿ ಮುಚ್ಚಿದಾಗ ಎರಡೂ ಅಂಟಿಕೊಂಡು, ಗೆಡ್ಡೆ ಯಾವ ಕಡೆಯದೆಂದು ತಿಳಿಯುವುದಿಲ್ಲ. ಅದಕ್ಕೇ ಸಿ.ಟಿ. ಮಾಡುವಾಗ ಕೆನ್ನೆ ಉಬ್ಬಿಸಿ ಹಿಡಿಯಲು ಹೇಳುತ್ತೇವೆ. ಖರ್ಚಿಲ್ಲದ ಈ ಉಪಾಯವನ್ನು ಎಷ್ಟೋ ಕಡೆ ಮರೆತೇಬಿಡುತ್ತಾರೆ. “ಎಲೆ ಅಡಿಕೆ ಹಾಕ್ಕೊಂಡಂಗಾ ಸಾರ್?” ಎಂದು ಒಬ್ಬರು ಕೇಳಿದ್ದರು. ಹೌದೆಂದೆ. ಚೆನ್ನಾಗಿಯೇ ಉಬ್ಬಿಸಿದರು.

ಈಗ ಫಿಲ್ಮು ನೋಡುವ ಮೊದಲು ಟಾರ್ಚು ಹಿಡಿದು ಬಾಯಿ ನೋಡುತ್ತೇನೆ, ಹಲ್ಲು ಕೀಳಿಸಿದ್ದೀರಾ ಎನ್ನುತ್ತೇನೆ. ಕಳೆದ ತಿಂಗಳು ಒಬ್ಬ ಯಜಮಾನರು ಉತ್ತರ ಕೊಡದೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೊಂದು ದವಡೆಹಲ್ಲು.

“ಮೊನ್ನೆ ಕಿತ್ತಿದ್ದು. ಡಾಕ್ಟ್ರು ಕೇಳಿದ್ರೆ ಇರ್ಲಿ ಅಂತ ಇಟ್ಕಂಡೆ.”