ಕೊಡುವ ಮುಂಚೆ ಕೇಳೋಣ



ಈ ವರ್ಷ ರಾಜ್ಯೋತ್ಸವದ ದಿನ ನೀವೆಲ್ಲ ಸೇರಿ ತಿಂಡಿ ಅಂಗಡಿ ಹಾಕಿದ್ದಿರಿ. ಚುರುಮುರಿ, ಕೋಸಂಬರಿ, ಪಾನಕ ಮಾರಿ 1,260 ಡಾಲರ್ ಕೂಡಿಸಿದಿರಿ. ಈ ಹಣ ಕಷ್ಟದಲ್ಲಿರುವ ಮಕ್ಕಳ ಓದಿಗೆ ಹೋಗಲಿ ಅಂತ ತೀರ್ಮಾನ ಮಾಡಿದವರೂ ನೀವೇ. ಕೇಳಿ ತುಂಬಾ ಸಂತೋಷವಾಯಿತು. ಆದರೆ ಏನು ಕೊಡೋಣ ಎಂದು ನಾನು ತರಗತಿಯಲ್ಲಿ ಕೇಳಿದಾಗ ತಕ್ಷಣ ಕೈಗಳು ಮೇಲೆದ್ದವು. ಟ್ಯಾಬ್ಲೆಟ್, ಕಥೆ ಪುಸ್ತಕ, ಬ್ಯಾಗು, ಶೂ! ಮುಂದಿನ ತಿಂಗಳು ನೀವೇ ಮತ ಹಾಕಿ ಇದನ್ನು ನಿರ್ಧಾರ ಮಾಡಬೇಕು. ಅದಕ್ಕೆ ಮೊದಲು ಈ ಪಾಠ ಓದಿ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ನಾನು ಮತ್ತು ಗೆಳೆಯರು ಸೇರಿ ನಮ್ಮ ತಂದೆಯ ಊರಿನ ಸರ್ಕಾರಿ ಕನ್ನಡ ಶಾಲೆಗೆ ಆರು ದೊಡ್ಡ ಪೆಟ್ಟಿಗೆ ಇಂಗ್ಲಿಷ್ ಕಥೆ ಪುಸ್ತಕ ಕಳಿಸಿದೆವು. ನಮ್ಮ ಮಕ್ಕಳು ಓದಿ ಮುಗಿಸಿದ್ದ ಒಳ್ಳೆಯ ಪುಸ್ತಕಗಳು. ಎರಡು ವರ್ಷದ ಮೇಲೆ ಊರಿಗೆ ಹೋದಾಗ ನೋಡ್ತೀನಿ, ಪುಸ್ತಕಗಳೆಲ್ಲ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿವೆ. ಅಲ್ಲಿನ ಮೇಡಂ ಸಂಕೋಚದಿಂದ ಹೇಳಿದರು: "ಪುಸ್ತಕ ತುಂಬಾ ಚೆನ್ನಾಗಿವೆ ಸಾರ್. ಆದ್ರೆ ನಮ್ಮ ಮಕ್ಕಳಿಗೆ ಓದೋಕೆ ಬರಲ್ಲ. ಹರಿದುಹೋದ್ರೆ ನಿಮಗೆ ಬೇಜಾರಾಗುತ್ತೆ ಅಂತ ಒಳಗಿಟ್ಟಿದ್ದೀವಿ."

ನಾನು ಸಾಫ್ಟ್‌ವೇರ್ ಎಂಜಿನಿಯರ್. ಆಫೀಸಿನಲ್ಲಿ ಒಂದು ಪ್ರೋಗ್ರಾಂ ಕೆಟ್ಟರೆ ಮೊದಲು ಎಲ್ಲಿ ಕೆಟ್ಟಿದೆ ಅಂತ ಹುಡುಕ್ತೀವಿ, ಆಮೇಲೆ ಕೋಡ್ ಮುಟ್ತೀವಿ. ಊರಿನ ಶಾಲೆಯ ವಿಷಯದಲ್ಲಿ ಮಾತ್ರ ಯಾರನ್ನೂ ಒಂದು ಮಾತೂ ಕೇಳದೆ ನೇರ ಪೆಟ್ಟಿಗೆ ಕಟ್ಟಿದ್ದೆ.

ಕೆನ್ಯಾದ ಪುಸ್ತಕಗಳ ಕಥೆ

ಇಂಥ ತಪ್ಪು ನನ್ನೊಬ್ಬನದೇ ಅಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಆಫ್ರಿಕಾದ ಕೆನ್ಯಾ ದೇಶದ ಪಶ್ಚಿಮ ಭಾಗದಲ್ಲಿ ಬುಸಿಯಾ ಎಂಬ ಪ್ರದೇಶ ಇದೆ. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಒಂದೊಂದು ಪಠ್ಯಪುಸ್ತಕವನ್ನು ಹಲವು ಮಕ್ಕಳು ಹಂಚಿಕೊಂಡು ಓದುತ್ತಿದ್ದರು. ನೆದರ್ಲೆಂಡ್ಸ್ ಮೂಲದ ಒಂದು ಸೇವಾಸಂಸ್ಥೆ 1996ರಲ್ಲಿ 100 ಶಾಲೆಗಳ ಪಟ್ಟಿ ಮಾಡಿ, ಅವುಗಳಲ್ಲಿ 25ಕ್ಕೆ ಮೊದಲು ಪುಸ್ತಕ ಕೊಟ್ಟಿತು. ಯಾವ ಶಾಲೆ ಚೆನ್ನಾಗಿದೆ, ಯಾವುದು ಹಿಂದಿದೆ ಅಂತ ನೋಡಿ ಆರಿಸಲಿಲ್ಲ. ಹಾಗಾಗಿ ಪುಸ್ತಕ ಸಿಕ್ಕ ಶಾಲೆಗಳನ್ನೂ ಸಿಗದ ಶಾಲೆಗಳನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು.

ಏನಾಯಿತು ಗೊತ್ತಾ? ಮಕ್ಕಳ ಸರಾಸರಿ ಅಂಕ ಏರಲೇ ಇಲ್ಲ! ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಅನುಕೂಲವಾಯಿತು. ಕಾರಣ ಹುಡುಕಿದಾಗ ಒಂದು ವಿಷಯ ಕಂಡಿತು. ಪುಸ್ತಕಗಳು ಇದ್ದದ್ದು ಇಂಗ್ಲಿಷಿನಲ್ಲಿ. ಅಲ್ಲಿನ ಹೆಚ್ಚಿನ ಮಕ್ಕಳಿಗೆ ಮನೆಯ ಮಾತು ಒಂದು, ಸ್ವಾಹಿಲಿ ಎರಡನೆಯದು, ಇಂಗ್ಲಿಷ್ ಮೂರನೆಯ ಭಾಷೆ. ಪುಸ್ತಕ ಕೈಗೆ ಬಂತು, ತಲೆಗೆ ಹೋಗಲಿಲ್ಲ. ನಮ್ಮೂರಿನ ಬೀರು ನನಗೆ ನೆನಪಾಯಿತು.

ಹೊಟ್ಟೆಯ ಹುಳ ಮತ್ತು ಹಾಜರಿ

ಅದೇ ಬುಸಿಯಾದಲ್ಲಿ 1998ರಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಅಲ್ಲಿ ಬಹಳ ಮಕ್ಕಳಿಗೆ ಹೊಟ್ಟೆಯಲ್ಲಿ ಜಂತುಹುಳು ಇತ್ತು. ಜಂತು ಇದ್ದರೆ ರಕ್ತ ಕಡಿಮೆಯಾಗುತ್ತದೆ, ಸುಸ್ತು, ಹೊಟ್ಟೆನೋವು ಬರುತ್ತದೆ. ಆದ್ದರಿಂದ 75 ಶಾಲೆಗಳಲ್ಲಿ ಹಂತ ಹಂತವಾಗಿ ಜಂತುಹುಳುವಿನ ಮಾತ್ರೆ ಕೊಟ್ಟರು. ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ಕಾಲು ಭಾಗ ಕಡಿಮೆಯಾಯಿತು ಎಂದು ಮೈಕೆಲ್ ಕ್ರೆಮರ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಬರೆದರು. ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಒಂದು ಮಗುವಿಗೆ ವರ್ಷಕ್ಕೆ ಅರ್ಧ ಡಾಲರ್‌ನಷ್ಟು ಸಾಕು ಅಂತ ಅವರ ಅಂದಾಜು.

ಆದರೆ ಎಲ್ಲವೂ ಸರಿಹೋಯಿತು ಅಂತ ತಿಳಿಯಬೇಡಿ. ಹಾಜರಿ ಹೆಚ್ಚಿದರೂ ಪರೀಕ್ಷೆಯ ಅಂಕ ಹೆಚ್ಚಲಿಲ್ಲ. ಈ ಲೆಕ್ಕದ ಬಗ್ಗೆ ವಿದ್ವಾಂಸರ ನಡುವೆ ಆಮೇಲೆ ಜೋರು ಚರ್ಚೆಯೂ ನಡೆಯಿತು. ಒಂದಂತೂ ನಿಜ. "ಶಾಲೆಗೆ ಏನು ಬೇಕು?" ಅಂದರೆ ಮಾತ್ರೆ ಎಂದು ಯಾರಿಗೂ ಹೊಳೆಯುವುದಿಲ್ಲ. "ಮಗು ಯಾಕೆ ಬರ್ತಿಲ್ಲ?" ಎಂದು ಕೇಳಿದರೆ ಹೊಳೆಯುತ್ತದೆ. ಭಾರತದಲ್ಲೂ 2015ರಿಂದ ಫೆಬ್ರವರಿ 10ರಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಮಾಡುತ್ತಾರೆ. ಕರ್ನಾಟಕದ ಶಾಲೆ, ಅಂಗನವಾಡಿಗಳಲ್ಲೂ ಮಕ್ಕಳಿಗೆ ಮಾತ್ರೆ ಕೊಡುತ್ತಾರೆ.

ಮುಂಬೈನ ಬಾಲಸಖಿ, ವಡೋದರದ ಕಂಪ್ಯೂಟರ್

ಈಗ ನಿಮ್ಮ ಟ್ಯಾಬ್ಲೆಟ್ ವಿಷಯಕ್ಕೆ ಬರೋಣ. ಪ್ರಥಮ್ ಎಂಬ ಸಂಸ್ಥೆ ಮುಂಬೈ ಮತ್ತು ವಡೋದರದ ಶಾಲೆಗಳಲ್ಲಿ ಬಾಲಸಖಿ ಎಂಬ ಕಾರ್ಯಕ್ರಮ ನಡೆಸಿತು. ಬಾಲಸಖಿ ಎಂದರೆ ಮಕ್ಕಳ ಗೆಳತಿ. ಅದೇ ಬಡಾವಣೆಯ, ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳಿಗೆ ಎರಡು ವಾರ ತರಬೇತಿ ಕೊಟ್ಟರು. ಅವರು ದಿನಕ್ಕೆ ಎರಡು ಗಂಟೆ, 3 ಮತ್ತು 4ನೇ ತರಗತಿಯಲ್ಲಿ ಹಿಂದುಳಿದ 15ರಿಂದ 20 ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದು, ಲೆಕ್ಕ ಹೇಳಿಕೊಟ್ಟರು. ಪುಸ್ತಕದ ಯಾವ ಪಾಠ ನಡೀತಿದೆ ಅಂತ ನೋಡಲಿಲ್ಲ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಶುರು ಮಾಡಿದರು.

ವಡೋದರದಲ್ಲಿ ಇದರ ಜೊತೆಗೆ ಕಂಪ್ಯೂಟರಿನಲ್ಲಿ ಗಣಿತದ ಆಟಗಳನ್ನೂ ಆಡಿಸಿ ನೋಡಿದರು. ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಇದನ್ನೆಲ್ಲ ಅಳೆದು 2007ರಲ್ಲಿ ಪ್ರಕಟಿಸಿದರು. ಎರಡೂ ಕೆಲಸ ಮಾಡಿದವು. ಗಣಿತದಲ್ಲಿ ಕಂಪ್ಯೂಟರೇ ಒಂದು ಕೈ ಮೇಲು! ಆದರೆ ಖರ್ಚು ನೋಡಿ. ಒಂದು ಮಗುವಿಗೆ ವರ್ಷಕ್ಕೆ ಬಾಲಸಖಿಗೆ ಸುಮಾರು 2.25 ಡಾಲರ್, ಕಂಪ್ಯೂಟರಿಗೆ ಸುಮಾರು 15 ಡಾಲರ್. ಕಂಪ್ಯೂಟರಿನಿಂದಲೇ ಹೊಟ್ಟೆ ಹೊರೆಯುವ ನನಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಇಲ್ಲೂ ಒಂದು ಎಚ್ಚರಿಕೆ ಇದೆ. ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಲಾಭದ ಹೆಚ್ಚಿನ ಭಾಗ ಕರಗಿತ್ತು. ಒಂದು ಸಲ ಕೊಟ್ಟು ಕೈ ತೊಳೆದುಕೊಂಡರೆ ಸಾಲದು.

ಬ್ಯಾನರ್ಜಿ, ಡುಫ್ಲೋ, ಕ್ರೆಮರ್ ಮೂವರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ನಾವು ಕೇಳಬೇಕಾದ ನಾಲ್ಕು ಪ್ರಶ್ನೆ

1. ಮಗು ಕಲಿಯಲು ಅಡ್ಡ ಬಂದಿರುವುದು ಏನು? ಇದನ್ನು ಹೇಳಿದವರು ಯಾರು, ನಾವೋ ಅಲ್ಲಿಯವರೋ?
2. ಒಂದು ಮಗುವಿಗೆ ಎಷ್ಟು ಖರ್ಚಾಗುತ್ತದೆ?
3. ಕೆಲಸ ಆಯಿತು ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ಫೋಟೋ ಸಾಕೇ, ಹಾಜರಿ ಪುಸ್ತಕ ನೋಡಬೇಕೇ?
4. ಮುಂದಿನ ವರ್ಷ ಇದನ್ನು ಮುಂದುವರಿಸುವವರು ಯಾರು?

ಆವತ್ತು ಬೀರುವಿನ ಮುಂದೆ ನಿಂತು ನಾನು ಕೊನೆಗೂ ಮೊದಲನೆಯ ಪ್ರಶ್ನೆ ಕೇಳಿದೆ. ಮೇಡಂ ಥಟ್ಟನೆ ಹೇಳಿದರು: "ಮಳೆಗಾಲದಲ್ಲಿ ಹಳ್ಳ ತುಂಬುತ್ತೆ ಸಾರ್. ಆಚೆ ದಡದ ಒಂಬತ್ತು ಮಕ್ಕಳು ಬರೋದೇ ಇಲ್ಲ. ಸೇತುವೆ ಸುತ್ತಿಕೊಂಡು ಬರೋಕೆ ಒಂದು ಆಟೋ ಇದ್ದಿದ್ರೆ..." ಮುಂದಿನ ಮಳೆಗಾಲಕ್ಕೆ ಆಟೋ ಬಾಡಿಗೆ ನಾವು ಕೊಟ್ಟೆವು. ಅದು ಪುಸ್ತಕದ ಪೆಟ್ಟಿಗೆ ಕಳಿಸಿದ ಖರ್ಚಿಗಿಂತ ಕಡಿಮೆಯೇ ಆಯಿತು.

ಇನ್ನೊಂದು ವಿಷಯ ಗಮನಿಸಿ. ಮೇಡಂ ಇದನ್ನು ಹೇಳಿದ್ದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಕೇಳಿದ್ದರೆ "ಎಲ್ಲಾ ಚೆನ್ನಾಗಿದೆ" ಅಂತ ಸುಮ್ಮನಾಗುತ್ತಿದ್ದರೇನೋ. ಮುಂದಿನ ಭಾನುವಾರ ತರಗತಿಯಿಂದಲೇ ಅವರಿಗೆ ಫೋನ್ ಮಾಡೋಣ. ಪ್ರಶ್ನೆ ಕೇಳುವವರು ನೀವು. ತಪ್ಪು ಕನ್ನಡವಾದರೂ ಪರವಾಗಿಲ್ಲ, ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಆಮೇಲೆ ಮತ ಹಾಕಿ.

ಹೊಸ ಪದಗಳು

ಗೈರುಹಾಜರಿ – ಶಾಲೆಗೆ ಬಾರದೆ ಇರುವುದು
ಸರಾಸರಿ – ಎಲ್ಲರ ಅಂಕ ಕೂಡಿಸಿ, ಎಷ್ಟು ಜನರಿದ್ದಾರೋ ಅಷ್ಟರಿಂದ ಭಾಗಿಸಿದಾಗ ಬರುವುದು
ಹಳ್ಳ – ಊರಿನ ಪಕ್ಕ ಹರಿಯುವ ಸಣ್ಣ ತೊರೆ
ಬೀರು – ಬಾಗಿಲು, ಬೀಗ ಇರುವ ಕಪಾಟು

ಯೋಚಿಸಿ, ಬರೆಯಿರಿ

1. ಮೇಲೆ ಹೇಳಿದ ಖರ್ಚಿನ ಪ್ರಕಾರ 1,260 ಡಾಲರಿನಲ್ಲಿ ಎಷ್ಟು ಮಕ್ಕಳಿಗೆ ಒಂದು ವರ್ಷ ಬಾಲಸಖಿ ಸಿಗುತ್ತಾಳೆ? ಎಷ್ಟು ಮಕ್ಕಳಿಗೆ ಕಂಪ್ಯೂಟರ್ ಸಿಗುತ್ತದೆ?
2. ಬುಸಿಯಾದ ಪುಸ್ತಕಗಳು ಮಕ್ಕಳ ಮನೆಮಾತಿನಲ್ಲಿ ಇದ್ದಿದ್ದರೆ ಏನಾಗಬಹುದಿತ್ತು?
3. ಮೇಡಂಗೆ ಕೇಳಲು ನಿಮ್ಮದೇ ಎರಡು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಂಡು ಬನ್ನಿ.